ನೀವು ಯಾರ ಪೈಕಿ?

(ಕಲಬುರಗಿಯಲ್ಲಿ ಶಿಕ್ಷಕರು ಮತ್ತು ಪಾಲಕರು ಸೇರಿದ್ದ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ್ದು, ನಡುವೆ ನಿಂತು ನೀರು ಕುಡಿದದ್ದು ಬಿಟ್ಟರೆ ಉಳಿದದ್ದು ಹೆಚ್ಚುಕಡಿಮೆ ಹಾಗೆಯೇ ಇದೆ.)

ಎಲ್ಲರಿಗೂ ಶರಣು.

ನನ್ನನ್ನು ಕರೆಯಲು ಬಂದವರು ವಿಷಯ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. 'ಐಸ್ ಬ್ರೇಕರ್ ಆಟಗಳ ಬಗ್ಗೆ ಮಾತನಾಡಬೇಕು ಸರ್' ಎಂದರು. ಮೇ ತಿಂಗಳು ಬಂದರೆ ನಲವತ್ತೆರಡು ಡಿಗ್ರಿ ಬಿಸಿಲು ಕಾಯುವ ಊರಿದು. ಇಲ್ಲಿ ಒಡೆಯುವುದಕ್ಕೆ ಐಸ್ ಎಲ್ಲಿಂದ ತರಬೇಕು? ಇದ್ದದ್ದೆಲ್ಲ ಸೋಡಾ ಅಂಗಡಿಯಲ್ಲಿ ಮಧ್ಯಾಹ್ನಕ್ಕೇ ಮುಗಿದಿರುತ್ತದೆ.

ತಮಾಷೆ ಇರಲಿ. ಈ ಆಟಗಳನ್ನು ಹೇಳಿಕೊಡುವ ತರಬೇತಿಗಳಲ್ಲಿ ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತಾರೆ: ಗುರುತಿಲ್ಲದವರು ಒಂದು ಕೋಣೆಯಲ್ಲಿ ಸೇರಿದರೆ ಬಾಯಿ ಬಿಡುವುದಿಲ್ಲ, ಬಿಡಿಸಬೇಕು ಎಂದು. ನಮ್ಮ ಕಡೆ ಆ ತೊಂದರೆ ಎಲ್ಲಿದೆ? ಯಾದಗಿರಿಗೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿ ನೋಡಿ. ಶಹಾಬಾದ್ ಬರುವಷ್ಟರಲ್ಲಿ ಎದುರಿಗೆ ಕುಳಿತವರಿಗೆ ನಿಮ್ಮ ಊರು ಗೊತ್ತಾಗಿರುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಚಹಾ ಕುಡಿಯುವಾಗ ಅಡ್ಡಹೆಸರು ಗೊತ್ತಾಗಿರುತ್ತದೆ. ನಾಲವಾರ ದಾಟುವ ಹೊತ್ತಿಗೆ ಕೊನೆಯ ಪ್ರಶ್ನೆ ಬರುತ್ತದೆ: 'ಹಾಗಾದರೆ ನೀವು ಯಾರ ಪೈಕಿ?'

ಯಾರ ಪೈಕಿ! ಈ ಎರಡು ಶಬ್ದಗಳಲ್ಲಿ ಏನೇನು ಅಡಗಿದೆ ಎಂದು ಇಲ್ಲಿರುವ ಯಾರಿಗೂ ನಾನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಮನೆತನ, ಯಾವ ಓಣಿ, ಮನೆದೇವರು ಯಾರು, ಹೆಣ್ಣು ಕೊಡುವುದು ತರುವುದು ಎಲ್ಲಿ, ಎಲ್ಲವೂ ಅದರೊಳಗಿವೆ. ಜಾತಿ ಎಂಬ ಶಬ್ದವನ್ನು ಬಾಯಿಂದ ಆಡದೆ ಜಾತಿ ಕೇಳುವ ಜಾಣತನವೂ ಅದರಲ್ಲಿದೆ. ಅಂದರೆ ಗುರುತು ಊಹಿಸುವ ಆಟ ನಮಗೆ ಹೊಸದಲ್ಲ. ದಿನಾ ಆಡುತ್ತೇವೆ. ಎದುರಿನವರು ಆಟಕ್ಕೆ ಒಪ್ಪಿದ್ದಾರೆಯೇ ಎಂದು ಮಾತ್ರ ಕೇಳುವುದಿಲ್ಲ.

ಹೀಗಾಗಿ ನಮಗೆ ಬೇಕಾದದ್ದು ಮಾತನ್ನು ಶುರು ಮಾಡಿಸುವ ಆಟವಲ್ಲ, ಮಾತಿನ ದಾರಿ ತಿರುಗಿಸುವ ಆಟ. ನಾನು ಅದನ್ನು 'ಮಾತು ಹತ್ತಿಸುವ ಆಟ' ಎನ್ನುತ್ತೇನೆ, ಒಲೆ ಹತ್ತಿಸುತ್ತೇವಲ್ಲ, ಹಾಗೆ. ಒಲೆ ಹತ್ತಿಸಲು ಹೋಗಿ ಕೈ ಸುಟ್ಟುಕೊಂಡ ಕಥೆಯನ್ನೇ ಮೊದಲು ಹೇಳುತ್ತೇನೆ. ತಪ್ಪು ನನ್ನದೇ.

ಬಹಳ ವರ್ಷಗಳ ಹಿಂದೆ ಒಂದು ಶಿಕ್ಷಕರ ತರಬೇತಿಯಲ್ಲಿ ನನಗೆ ಮೊದಲ ದಿನದ ಮೊದಲ ಗಂಟೆ ಕೊಟ್ಟಿದ್ದರು. ನಲವತ್ತು ಜನ ಇದ್ದರು, ಹೆಚ್ಚಿನವರು ಹೊಸದಾಗಿ ಕೆಲಸಕ್ಕೆ ಸೇರಿದವರು. ನಾನು ಬಹಳ ಹುರುಪಿನಲ್ಲಿ ಒಂದು ಆಟ ಕಟ್ಟಿದೆ. ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಪೂರ್ತಿ ಹೆಸರು ಹೇಳಬೇಕು, ಉಳಿದವರು ಅವರ ತಂದೆಯ ಕಸುಬು ಊಹಿಸಬೇಕು. ಮೊದಲ ಏಳೆಂಟು ಜನರ ಸರದಿ ನಗುನಗುತ್ತಾ ಹೋಯಿತು. ಒಬ್ಬರ ತಂದೆ ಊರಿನಲ್ಲಿ ಗೌಡರಿರಬೇಕು ಎಂದರೆ ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಆಮೇಲೆ ಒಬ್ಬ ಹುಡುಗ ಎದ್ದ. ಅವನ ಅಡ್ಡಹೆಸರೇ ಕಸುಬಿನ ಹೆಸರು. ಕೇಳಿದ ಕೂಡಲೇ ಮೂರು ನಾಲ್ಕು ದನಿಗಳು ಒಟ್ಟಿಗೆ ಉತ್ತರ ಕೂಗಿದವು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಉತ್ತರ ಸುಲಭ ಸಿಕ್ಕ ಖುಷಿ, ಅಷ್ಟೇ. ಅವನು 'ಹೌದು' ಎಂದು ಕುಳಿತ. ಹನ್ನೊಂದು ಗಂಟೆಗೆ ಚಹಾ ಬಂದಾಗ ಅವನು ಬರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಮೊಬೈಲ್ ನೋಡುತ್ತಾ ನಿಂತಿದ್ದ. ಆ ಮೊಬೈಲಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆಗಿನ ಮೊಬೈಲುಗಳಲ್ಲಿ ಏನಿರುತ್ತಿತ್ತು ಹೇಳಿ.

ರೈಲಿನಲ್ಲಿ ನಡೆಯುವುದನ್ನೇ ನಾನು ತರಬೇತಿಯ ಹೆಸರಿನಲ್ಲಿ ಮೈಕ್ ಹಿಡಿದು ಮಾಡಿಸಿದ್ದೆ. ಅಂದಿನಿಂದ ಒಂದು ಹಟ ಹಿಡಿದಿದ್ದೇನೆ. ಊಹಿಸುವ ಆಟದಲ್ಲಿ ಉತ್ತರದ ಚೀಟಿ ಯಾರದೋ ಅವರ ಮುಷ್ಟಿಯಲ್ಲಿರಬೇಕು. ಅವರು ಏನು ಮಾಡಿದ್ದಾರೆ, ಏನು ತಿನ್ನುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂದು ಕೇಳೋಣ. ಎಲ್ಲಿ ಹುಟ್ಟಿದರು, ಯಾರಿಗೆ ಹುಟ್ಟಿದರು ಎಂಬುದು ಬೇಡ. 'ಈ ಪ್ರಶ್ನೆ ಬಿಡಿ' ಎಂದರೆ ಬಿಡಬೇಕು, ಯಾಕೆ ಎಂದೂ ಕೇಳಬಾರದು.

ಈಗ ಆಟಕ್ಕೆ ಬರೋಣ. ನನಗೆ ಬಹಳ ಇಷ್ಟವಾದದ್ದು ಇಪ್ಪತ್ತು ಪ್ರಶ್ನೆಗಳ ಆಟ. ಒಬ್ಬರು ಮನಸ್ಸಿನಲ್ಲಿ ಏನನ್ನಾದರೂ ಇಟ್ಟುಕೊಳ್ಳುತ್ತಾರೆ, ಉಳಿದವರು ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನೇ ಕೇಳಿ ಅದನ್ನು ಹಿಡಿಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಮನೆಗಳ ಪಡಸಾಲೆಯಲ್ಲಿ ಆಡುತ್ತಿದ್ದ ಆಟವಿದು. 1946ರಲ್ಲಿ ಅಲ್ಲಿನ ರೇಡಿಯೊಗೆ ಬಂತು, ಮೂರು ವರ್ಷದಲ್ಲಿ ಟಿವಿಗೂ ಹೋಯಿತು. ಖರ್ಚು ಶೂನ್ಯ. ಕಾಗದವೂ ಬೇಡ.

ಸಭೆಯಲ್ಲೇ ಒಮ್ಮೆ ಆಡಿ ನೋಡಿದೆವು. ನಾನು ಒಂದು ವಸ್ತು ನೆನೆಸಿಕೊಂಡೆ. ಎರಡನೆಯ ಸಾಲಿನ ಅಕ್ಕ ಒಬ್ಬರು 'ಜೀವ ಇದೆಯೇ?' ಎಂದರು. ಇಲ್ಲ. 'ತಿನ್ನುವಂಥದ್ದೇ?' ಇಲ್ಲ. ತೊಗರಿ ಬೇಳೆ ಎಂದು ಹೇಳಲು ಬಾಯಿ ತೆರೆದಿದ್ದ ಹಿಂದಿನ ಸಾಲಿನವರು ಅಲ್ಲಿಗೆ ಸುಮ್ಮನಾದರು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿದಂದಿನಿಂದ ಈ ಊರಿನಲ್ಲಿ ಯಾವ ಒಗಟಿಗೂ ಮೊದಲ ಉತ್ತರ ಅದೇ. 'ಲೋಹವೇ?' ಹೌದು. 'ಚಿನ್ನ ಬೆಳ್ಳಿಯೇ?' ಇಲ್ಲಿ ನಾನು ಸಿಕ್ಕಿಬಿದ್ದೆ. ಪೂರ್ತಿ ಹೌದಲ್ಲ, ಪೂರ್ತಿ ಇಲ್ಲವೂ ಅಲ್ಲ. 'ಸ್ವಲ್ಪ' ಎಂದೆ. ನಿಯಮ ಮುರಿದಿರಿ ಎಂದು ಗಲಾಟೆಯಾಯಿತು. ಆಗ ಒಬ್ಬ ಹುಡುಗಿ, ಎಂಟನೆಯ ತರಗತಿ ಇರಬೇಕು, ಒಳ್ಳೆಯ ಪ್ರಶ್ನೆ ಕೇಳಿದಳು: 'ಅದರ ಬಣ್ಣ ಮೊದಲಿನಿಂದಲೂ ಅದೇ ಇತ್ತೇ?' ಇಲ್ಲ! ಅಲ್ಲಿಗೆ ಮುಗಿಯಿತು. ಹತ್ತು ಜನ ಒಟ್ಟಿಗೆ 'ಬಿದರಿ' ಎಂದರು. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂಡಿಸಿ, ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿದ ಬಿಸಿ ನೀರಿನಲ್ಲಿ ಹಾಕಿದ ಮೇಲೆಯೇ ಅದು ಕಪ್ಪಾಗುವುದು. ಬೆಳ್ಳಿ ಮಾತ್ರ ಕಪ್ಪಾಗದೆ ಉಳಿದು ಹೊಳೆಯುತ್ತದೆ. ಆ ಹುಡುಗಿ ವಸ್ತುವಿನ ಹೆಸರಿನ ಹಿಂದೆ ಬೀಳಲಿಲ್ಲ, ಅದು ಹಾದುಬಂದ ದಾರಿಯನ್ನು ಕೇಳಿದಳು. ನನ್ನ ಮೂವತ್ತೆರಡು ವರ್ಷದ ಮಾಸ್ತರಿಕೆಯಲ್ಲಿ ಇಂಥ ಪ್ರಶ್ನೆ ಕೇಳಿದವರು ಬಹಳ ಇಲ್ಲ.

ಗಣಿತದ ಮೇಷ್ಟ್ರನ್ನು ಕರೆದಿದ್ದೀರಿ, ಆದ್ದರಿಂದ ಲೆಕ್ಕ ಕೇಳಲೇಬೇಕು. ಒಂದು ಒಳ್ಳೆಯ ಪ್ರಶ್ನೆ ಇರುವ ಸಾಧ್ಯತೆಗಳನ್ನು ಸರಿಯಾಗಿ ಅರ್ಧಕ್ಕೆ ಸೀಳುತ್ತದೆ. ಹತ್ತು ಪ್ರಶ್ನೆಗೆ 1,024 ವಸ್ತುಗಳಲ್ಲಿ ಒಂದನ್ನು ಹಿಡಿಯಬಹುದು. ಹತ್ತೊಂಬತ್ತಕ್ಕೆ 5,24,288. ಇಪ್ಪತ್ತಕ್ಕೆ 10,48,576. 2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನ ಐದು ಲಕ್ಷ ಮೂವತ್ತು ಸಾವಿರಕ್ಕಿಂತ ಸ್ವಲ್ಪ ಮೇಲೆ. ಹತ್ತೊಂಬತ್ತು ಪ್ರಶ್ನೆ ಕೂದಲೆಳೆಯಷ್ಟು ಸಾಲದು, ಇಪ್ಪತ್ತು ಧಾರಾಳ. ಅಂದರೆ ಪ್ರತಿ ಸಲ ಸರಿಯಾಗಿ ಅರ್ಧಕ್ಕೆ ಸೀಳಬಲ್ಲವರು ಇಪ್ಪತ್ತು ಪ್ರಶ್ನೆಗಳಲ್ಲಿ ಈ ನಗರದ ಯಾವ ಮನುಷ್ಯನನ್ನಾದರೂ ಹುಡುಕಿ ತೆಗೆಯಬಹುದು. ಮಕ್ಕಳಿಗೆ ಘಾತಾಂಕ ಕಲಿಸಲು ಇದಕ್ಕಿಂತ ರುಚಿಯಾದ ದಾರಿ ನನಗೆ ಸಿಕ್ಕಿಲ್ಲ.

ಈ ಲೆಕ್ಕ ಗೊತ್ತಿಲ್ಲದೆ ಆಡಿದರೆ ಏನಾಗುತ್ತದೆ? ಎಲ್ಲರೂ ಮೂರನೆಯ ಪ್ರಶ್ನೆಗೇ 'ಮುಖ್ಯಮಂತ್ರಿಯೇ?' 'ಕ್ರಿಕೆಟ್ ಆಟಗಾರನೇ?' ಎಂದು ಕತ್ತಲಲ್ಲಿ ಕಲ್ಲು ಬೀಸುತ್ತಾರೆ.

ಸೀಳುವ ಮಾತು ಬಂದದ್ದಕ್ಕೆ ಒಂದು ಪೆಟ್ಟಿಗೆ ಆಟದ ಕಥೆ. 'ಗೆಸ್ ಹೂ' ಎಂದು ಅಂಗಡಿಯಲ್ಲಿ ಸಿಗುತ್ತದೆ. ಓರಾ ಮತ್ತು ಥಿಯೋ ಕೋಸ್ಟರ್ ಎಂಬ ದಂಪತಿ ಕಟ್ಟಿದ್ದು, 1979ರಲ್ಲಿ ಮಾರುಕಟ್ಟೆಗೆ ಬಂತು. ಹಲಗೆಯ ಮೇಲೆ ಇಪ್ಪತ್ನಾಲ್ಕು ಮುಖಗಳು. ಟೋಪಿ ಇದೆಯೇ, ಕನ್ನಡಕ ಇದೆಯೇ, ಮೀಸೆ ಇದೆಯೇ ಎಂದು ಕೇಳುತ್ತಾ ಅಲ್ಲದ ಮುಖಗಳನ್ನು ಮಗುಚುತ್ತಾ ಹೋಗಬೇಕು. ಮೊದಲ ಆವೃತ್ತಿಯಲ್ಲಿ ಆ ಇಪ್ಪತ್ನಾಲ್ಕರಲ್ಲಿ ಹೆಂಗಸರು ಐದೇ ಜನ. ಹಾಗಾಗಿ 'ಹೆಂಗಸೇ?' ಎಂಬುದು ದಂಡದ ಪ್ರಶ್ನೆ. ಇಲ್ಲ ಎಂದು ಬಂದರೆ ಐದೇ ಮುಖ ಹೋಗುತ್ತವೆ. ಇನ್ನೊಂದು ಕಡೆಯಿಂದ ನೋಡಿ: ನಿಮ್ಮ ಚೀಟಿಯಲ್ಲಿ ಹೆಂಗಸು ಬಂದಿದ್ದರೆ ನೀವು ಸೋತಿರಿ, ಒಂದೇ ಹೌದು ಎಂಬ ಮಾತಿಗೆ ಎದುರಾಳಿ ಐದು ಮುಖಕ್ಕೆ ಇಳಿಯುತ್ತಾನೆ. ಗುಂಪಿನಲ್ಲಿ ಯಾರು ಕಡಿಮೆಯೋ ಅವರು ಬೇಗ ಸಿಕ್ಕಿಬೀಳುತ್ತಾರೆ. ನನ್ನ ತರಬೇತಿಯ ಆ ಹುಡುಗನ ವಿಷಯದಲ್ಲೂ ಆದದ್ದು ಇದೇ ಲೆಕ್ಕ.

ಶಿಬಿರಗಳಲ್ಲಿ ಹಣೆಗೆ ಚೀಟಿ ಅಂಟಿಸಿಕೊಂಡು 'ನಾನು ಯಾರು?' ಎಂದು ಕೇಳುತ್ತಾ ತಿರುಗುವ ಆಟ ನಿಮಗೆಲ್ಲ ಗೊತ್ತು. ನಮ್ಮ ಕಡೆಗೆ ಅದಕ್ಕೆ ಎರಡು ತಿದ್ದುಪಡಿ ಬೇಕು. ವಿಭೂತಿ ಹಚ್ಚಿಕೊಂಡ ಮುತ್ಯಾನ ಹಣೆಗೆ, ಕುಂಕುಮ ಇಟ್ಟುಕೊಂಡ ಕಾಕಿಯ ಹಣೆಗೆ ಗೋಂದು ಹಚ್ಚಲು ಹೋಗಬೇಡಿ. ಬೆನ್ನಿಗೆ ಪಿನ್ ಹಾಕಿ. ಓದಲು ಬರದವರಿದ್ದರೆ ಹೆಸರಿನ ಬದಲು ಚಿತ್ರ ಇರಲಿ. ಚೀಟಿಯಲ್ಲಿ ಯಾರಿರಬೇಕು ಎಂಬುದೂ ಯೋಚಿಸುವ ವಿಷಯ. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್, ಅಪ್ಪನ ಗುಡಿಯ ಶರಣಬಸವೇಶ್ವರರು, ಬಂದೇನವಾಜರು, ಸುರಪುರದ ರಾಜಾ ವೆಂಕಟಪ್ಪ ನಾಯಕ, ಇವರನ್ನು ಇಟ್ಟರೆ ಆಟ ಮುಗಿದ ಮೇಲೂ ಮಾತು ಮುಂದುವರಿಯುತ್ತದೆ. ಬರೀ ಸಿನಿಮಾ ನಟರನ್ನು ಇಟ್ಟರೆ ಹತ್ತು ನಿಮಿಷಕ್ಕೆ ಬೇಸರ ಬರುತ್ತದೆ. ಇದು ನನ್ನ ಅಭಿಪ್ರಾಯ, ನನ್ನ ಮೊಮ್ಮಗಳದ್ದಲ್ಲ.

ಎರಡು ನಿಜ ಒಂದು ಸುಳ್ಳು ಹೇಳಿ ಸುಳ್ಳು ಯಾವುದೆಂದು ಹಿಡಿಯುವ ಆಟವೂ ಒಳ್ಳೆಯದೇ, ಅದರಲ್ಲಿ ಏನು ಹೇಳಬೇಕು ಎಂಬುದು ಆಡುವವರ ಕೈಯಲ್ಲೇ ಇರುತ್ತದೆ. ಆದರೆ ಒಂದು ಎಚ್ಚರಿಕೆ, ಗಂಭೀರ ಮುಖ ಮಾಡಿಕೊಂಡು ಸುಳ್ಳು ಹೇಳುವುದರಲ್ಲಿ ನಮ್ಮ ಹಿರಿಯರನ್ನು ಯಾರೂ ಗೆಲ್ಲಲಾಗುವುದಿಲ್ಲ. ಚೀಟಿ ಎತ್ತಿ ರಾಜ, ಮಂತ್ರಿ, ಪೊಲೀಸ್, ಕಳ್ಳ ಆಗುವುದು ಗೊತ್ತೇ ಇದೆ. ಅದರ ದೊಡ್ಡ ತಮ್ಮನಂಥ ಆಟ 'ಮಾಫಿಯಾ'. 1986ರಲ್ಲಿ ದಿಮಿತ್ರಿ ದಾವಿದಾಫ್ ಎಂಬವರು ಮಾಸ್ಕೋದ ವಿಶ್ವವಿದ್ಯಾಲಯದಲ್ಲಿ ಕಟ್ಟಿದ್ದು. ಕಾಲೇಜಿನ ಹುಡುಗರಿಗೆ ಹೇಳಿ ಮಾಡಿಸಿದ್ದು. ಬೀಗರ ಮನೆಯಲ್ಲಿ ಬೇಡ, ಅಲ್ಲಿ ಸಂಶಯ ಮೊದಲೇ ಸಾಕಷ್ಟಿರುತ್ತದೆ.

ಇವೆಲ್ಲಕ್ಕಿಂತ ಹಳೆಯದು ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಹೂವಿನ ಆಟ. ಎರಡು ಗುಂಪು. ಒಂದು ಗುಂಪಿನ ನಾಯಕಿ ಎದುರು ಗುಂಪಿನ ಒಬ್ಬರ ಕಣ್ಣನ್ನು ಅಂಗೈಯಿಂದ ಮುಚ್ಚಿ, ತನ್ನವರಲ್ಲಿ ಒಬ್ಬರನ್ನು 'ಮಲ್ಲಿಗೆ ಹೂವೇ, ಮೆಲ್ಲಗೆ ಬಾ' ಎಂದು ಕರೆಯುತ್ತಿದ್ದಳು. ಮಲ್ಲಿಗೆ ಎಂಬುದು ಯಾರಿಗೆ ಇಟ್ಟ ಹೆಸರೆಂದು ಈ ಕಡೆಯವರಿಗೆ ಗೊತ್ತಿಲ್ಲ. ಆ ಹೂವು ಬಂದು, ಹಣೆಗೆ ಒಂದು ಬೆರಳಿನಿಂದ ತಟ್ಟಿ, ತಿರುಗಿ ಹೋಗಿ ಕೂರುತ್ತದೆ. ಕಣ್ಣು ಬಿಟ್ಟ ಮೇಲೆ ಎಲ್ಲರೂ ಒಂದೇ ತರಹ ಮುಖ ಮಾಡಿಕೊಂಡು ಕೈ ಕಟ್ಟಿ ಕುಳಿತಿರುತ್ತಾರೆ. ತಟ್ಟಿದವರು ಯಾರು? ನಾನು ಈ ಆಟದಲ್ಲಿ ಸೋತದ್ದು ಕಡಿಮೆ. ಒಬ್ಬಳು ಬಂದರೆ ಹೆಜ್ಜೆಗೆ ಮೊದಲೇ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಇನ್ನೊಬ್ಬ ಉಸಿರು ಬಿಗಿಹಿಡಿದು ಬರುತ್ತಿದ್ದ, ತಟ್ಟಿದ ಮೇಲೆ ಒಮ್ಮೆಲೇ ಬಿಡುತ್ತಿದ್ದ. ಒಬ್ಬಳಂತೂ ಬಳೆ ಸದ್ದಾಗಬಾರದೆಂದು ಮೊಣಕೈವರೆಗೆ ಏರಿಸಿಕೊಂಡು ಬರುತ್ತಿದ್ದಳು. ಸದ್ದೇ ಇಲ್ಲದ ಹೂವು ಎಂದರೆ ಅವಳೇ ಎಂದು ನಮಗೆ ಗೊತ್ತಾಗಿಬಿಟ್ಟಿತ್ತು. ಅಡ್ಡಹೆಸರು ಕೇಳದೆ, ಊರು ಕೇಳದೆ, ಒಬ್ಬರನ್ನೊಬ್ಬರು ಅಷ್ಟು ಬಲ್ಲವರಾಗಿದ್ದೆವು.

ಈಗ ಸ್ವಲ್ಪ ದೂರ ಹೋಗಿ ಬರುತ್ತೇನೆ. ಬಹಳ ದೂರವಲ್ಲ, ಚಿತ್ತಾಪುರ ತಾಲ್ಲೂಕಿನ ಸನ್ನತಿಯವರೆಗೆ. ಗುರುತು ಊಹಿಸುವ ಆಟಗಳಲ್ಲಿ ಅತ್ಯಂತ ದೊಡ್ಡದನ್ನು ಆಡಿದ್ದು ನಮ್ಮ ನೆಲದ ಮೇಲೆ.

ಭಾರತದ ಉದ್ದಗಲಕ್ಕೂ ಬಂಡೆ ಮತ್ತು ಕಂಬಗಳ ಮೇಲೆ ಯಾರೋ ಒಬ್ಬ ರಾಜ ತನ್ನ ಮಾತುಗಳನ್ನು ಕೆತ್ತಿಸಿದ್ದ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮಿ ಲಿಪಿಯನ್ನು ಓದಿದರು. ಓದಿದರೆ ಏನಿದೆ? 'ದೇವಾನಾಂಪಿಯ ಪಿಯದಸಿ', ದೇವರಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು. ಎರಡೂ ಬಿರುದುಗಳು. ಹೆಸರೇ ಇಲ್ಲ! ನಾನು ಯಾರು ಎಂಬ ಚೀಟಿಯನ್ನು ಬೆನ್ನಿಗೆ ಅಂಟಿಸಿಕೊಂಡು ರಾಜ ಎರಡು ಸಾವಿರ ವರ್ಷ ನಿಂತಿದ್ದ. ಪ್ರಿನ್ಸೆಪ್ ಮೊದಲು ಸಿಂಹಳದ ರಾಜನಿರಬೇಕು ಎಂದುಕೊಂಡರು, ತಪ್ಪು ಊಹೆ. ಅದೇ ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥಗಳನ್ನು ನೋಡಿ, ಪಿಯದಸಿ ಎಂದರೆ ಮೌರ್ಯರ ಅಶೋಕ ಎಂದು ಹೇಳಿದರು. ಸರಿ, ಆದರೆ ಕಲ್ಲೇ ಆ ಮಾತು ಹೇಳಬೇಕಲ್ಲ? ಅದಕ್ಕೆ 1915ರವರೆಗೆ ಕಾಯಬೇಕಾಯಿತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಒಂದು ಶಾಸನ ಬಿತ್ತು. ಅದರಲ್ಲಿ ಬಿರುದಿನ ಪಕ್ಕದಲ್ಲಿ ಹೆಸರೂ ಇತ್ತು: ಅಸೋಕ. ಪ್ರಶ್ನೆ ಕೇಳಿ ಎಪ್ಪತ್ತೆಂಟು ವರ್ಷದ ಮೇಲೆ 'ಹೌದು' ಎಂಬ ಉತ್ತರ.

ಸನ್ನತಿಯ ಪಾಲು ಇನ್ನೂ ಸ್ವಾರಸ್ಯದ್ದು. 1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ನೋಡಿದರೆ ದೇವಿಯ ವಿಗ್ರಹ ನಿಲ್ಲಿಸಿದ್ದ ಪೀಠದ ಕಲ್ಲೇ ಅಶೋಕನ ಶಾಸನ! ಅಷ್ಟು ಕಾಲ ಜನ ಅದರ ಎದುರಿಗೇ ಕಾಯಿ ಒಡೆದಿದ್ದರು. ಅಲ್ಲೇ ಪಕ್ಕದ ಕನಗನಹಳ್ಳಿಯಲ್ಲಿ ತೊಂಬತ್ತರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಬೌದ್ಧ ಸ್ತೂಪವೊಂದು ಸಿಕ್ಕಿತು. ಅದರ ಒಂದು ಫಲಕದಲ್ಲಿ ರಾಜ, ರಾಣಿ, ಛತ್ರ ಚಾಮರ ಹಿಡಿದವರು ಇದ್ದಾರೆ. ಮೇಲೆ ಬ್ರಾಹ್ಮಿಯಲ್ಲಿ ಬರೆದಿದೆ: 'ರಾಯೋ ಅಸೋಕೋ'. ರಾಜ ಅಶೋಕ. ಹೆಸರು ಬರೆದ ಅಶೋಕನ ಮುಖ ಮೊದಲು ಕಂಡದ್ದು ಭೀಮಾ ನದಿಯ ದಂಡೆಯಲ್ಲಿ. ಅವನು ತೀರಿಕೊಂಡು ಎಷ್ಟೋ ತಲೆಮಾರಿನ ಮೇಲೆ ಕೆತ್ತಿದ್ದು, ಹಾಗಾಗಿ ಮೂಗು ಹಾಗೆಯೇ ಇತ್ತೇ ಎಂದು ಕೇಳಬೇಡಿ. ಪಕ್ಕದಲ್ಲಿರುವ ರಾಣಿಯ ಹೆಸರನ್ನು ಮಾತ್ರ ಶಿಲ್ಪಿ ಬರೆದಿಲ್ಲ.

ಈ ಮಾತನ್ನು ನೆನಪಿನಲ್ಲಿಡಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಬಿರುದಿನ ಹಿಂದೆ ಹೆಸರು ಅಡಗುವುದು ರಾಜರಿಗೆ ಮಾತ್ರ ಸೇರಿದ್ದಲ್ಲ. ಶರಣರ ಅಂಕಿತಗಳನ್ನೇ ನೋಡಿ. ಶಾಲೆಯಲ್ಲಿ ಆಡಿಸಲು ಇದು ಬಹಳ ಚೆನ್ನಾದ ಆಟ: ಅಂಕಿತ ಹೇಳಿ, ಶರಣರು ಯಾರೆಂದು ಕೇಳಿ. ಕೂಡಲಸಂಗಮದೇವ ಎಂದರೆ ಒಂದನೆಯ ತರಗತಿಯ ಮಗುವೂ ಬಸವಣ್ಣ ಎನ್ನುತ್ತದೆ. ಗುಹೇಶ್ವರ ಎಂದರೆ ಅಲ್ಲಮ. ರಾಮನಾಥ ಎಂದರೆ ದಾಸಿಮಯ್ಯ, ನಮ್ಮ ಯಾದಗಿರಿ ಜಿಲ್ಲೆಯ ಮುದನೂರಿನವನು. ಇಲ್ಲಿಗೆ ಅರ್ಧ ತರಗತಿ ಸೋಲುತ್ತದೆ. ಅಂಬಿಗರ ಚೌಡಯ್ಯ ದೇವರ ಹೆಸರಿನ ಗೊಡವೆಗೇ ಹೋಗದೆ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ, ಅವನದು ಕೊಸರು. ಕೊನೆಗೆ ನಾನು ಕೇಳುವುದು ಇದು: 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಮಕ್ಕಳು ಮಾರಯ್ಯ ಎನ್ನುತ್ತಾರೆ. ಅಲ್ಲ, ಅದು ಆಯ್ದಕ್ಕಿ ಲಕ್ಕಮ್ಮನದು. ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ, ಒಬ್ಬ ಹೆಣ್ಣುಮಗಳು ಗಂಡನ ಹೆಸರನ್ನು ಪ್ರತಿ ವಚನದ ಕೊನೆಗೆ ಬಾಯಿ ಬಿಟ್ಟು ಹೇಳಿದಳು.

ಯಾಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ ಎಂದರೆ, ಎಂಟು ನೂರು ವರ್ಷದ ಮೇಲೆ, 1991ರ ಜನಗಣತಿಯಲ್ಲಿ, ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಒಂದು ಮನೆಯ ಕಟ್ಟೆಯ ಮೇಲೆ ಫಾರ್ಮ್ ಹಿಡಿದು ಕುಳಿತಿದ್ದೆ. ಮಗ ಹೊಲಕ್ಕೆ ಹೋಗಿದ್ದ, ಸೊಸೆ ತವರಿಗೆ. ಮನೆಯಲ್ಲಿ ಅರವತ್ತರ ಹತ್ತಿರದ ಅವ್ವ ಒಬ್ಬಳೇ.

'ಯಜಮಾನರ ಹೆಸರು ಹೇಳವ್ವ.'

'ಅದನ್ನು ನಾನು ಹೇಗೆ ಹೇಳಲಿ ಮಾಸ್ತರರೇ?' ಸೆರಗು ಎಳೆದುಕೊಂಡಳು.

'ಬರೆಯಲೇಬೇಕು. ಗುರುತು ಹೇಳು, ನಾನೇ ಊಹಿಸುತ್ತೇನೆ.'

ಬೆರಳು ಮೇಲೆ ತೋರಿಸಿದಳು. 'ಆಕಾಶಪ್ಪ?' ಎಂದೆ.

'ಅಯ್ಯ, ಅಂಥ ಹೆಸರು ಯಾರು ಇಡುತ್ತಾರೆ! ಅಲ್ಲಿ ಉರಿಯುತ್ತದಲ್ಲ, ಅದು.'

'ಸೂರ್ಯ?' ಅರ್ಧ ತಲೆ ಆಡಿಸಿದಳು. ಉಳಿದರ್ಧಕ್ಕೆ ಹಿತ್ತಿಲ ಗೋಡೆಯ ಆಚೆ ಕೈ ಮಾಡಿದಳು. ಗೋಡೆಯ ಮೇಲಿನಿಂದ ಹಳದಿ ಹೂಗಳು ಇಣುಕುತ್ತಿದ್ದವು.

'ಸೂರ್ಯಕಾಂತಿ?'

'ಅದು ಹೂವಾಯಿತು ಮಾಸ್ತರರೇ, ಇವರು ಗಂಡಸರು!'

'ಸೂರ್ಯಕಾಂತ.'

ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆ ನಗುವೇ ಉತ್ತರ, ನಾನು ಬರೆದುಕೊಂಡೆ. 'ನಿನ್ನ ಹೆಸರು?' ಎಂದಾಗ ಒಂದು ಕ್ಷಣ ನನ್ನ ಮುಖ ನೋಡಿದಳು. 'ನನ್ನದೂ ಬರೆಯುತ್ತೀರಾ?' ಎಂದಳು.

ಈ ಬಿಗುಮಾನವನ್ನು ಬಿಡಿಸಲು ನಮ್ಮ ಹಿರಿಯರೇ ಒಂದು ಆಟ ಕಟ್ಟಿಟ್ಟಿದ್ದಾರೆ, ಒಡಪು. ಮದುವೆಯಾಗಿ ಮದುಮಕ್ಕಳು ಮನೆಗೆ ಬಂದರೆ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಹೆಸರು ಹೇಳಿದರೆ ಮಾತ್ರ ಒಳಗೆ. ಬರಿಯ ಹೆಸರು ನಡೆಯುವುದಿಲ್ಲ, ಪ್ರಾಸದಲ್ಲಿ ಕಟ್ಟಿ ಹೇಳಬೇಕು. ನನ್ನ ಮಗಳ ಮದುವೆಯಲ್ಲಿ ಅವಳ ನೆಗೆಣ್ಣಿ ಕಿವಿಯಲ್ಲಿ ಹೇಳಿಕೊಟ್ಟದ್ದು ಇದು:

ಬಂಡೆಯ ಮೇಲೆ ಬಟ್ಟಲು, ಬಟ್ಟಲ ತುಂಬ ಸಕ್ಕರೆ,
ಶಿವಾನಂದರ ಹೆಸರು ಹೇಳುವೆ, ನೀವೆಲ್ಲ ನಕ್ಕರೆ.

ಸಾಹಿತ್ಯದ ದೃಷ್ಟಿಯಿಂದ ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಎಲ್ಲರೂ ನಗುವಷ್ಟರಲ್ಲಿ ಹೊಸ ಸೊಸೆ ಹೊಸ್ತಿಲು ದಾಟಿರುತ್ತಾಳೆ. ಯಾವ ತರಬೇತಿಯ ಆಟವೂ ಇಷ್ಟು ಬೇಗ ಕೆಲಸ ಮಾಡುವುದನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ಹೊಸ ತರಗತಿ ಶುರುವಾದಾಗ ಮಕ್ಕಳು ಪಕ್ಕದವರ ಹೆಸರನ್ನು ಒಡಪಿನಲ್ಲಿ ಹೇಳಲಿ, ನೋಡಿ. ನಮ್ಮಲ್ಲಿ ಒಬ್ಬರ ಮನೆಯಲ್ಲಿ ಉರ್ದು, ಇನ್ನೊಬ್ಬರಲ್ಲಿ ಮರಾಠಿ, ತಾಂಡಾದ ಮಕ್ಕಳದು ಲಂಬಾಣಿ. ಪ್ರಾಸ ಯಾವ ಭಾಷೆಯದಾದರೂ ಆಗಲಿ, ಹೆಸರು ಎಲ್ಲರಿಗೂ ತಿಳಿಯುತ್ತದೆ.

ಕೊನೆಯದಾಗಿ ನಮ್ಮ ಮನೆಯ ಆಟ. ಎಳ್ಳ ಅಮಾವಾಸ್ಯೆಗೆ ನಮ್ಮವರೆಲ್ಲ ಎಲ್ಲಿದ್ದರೂ ಊರಿಗೆ ಬರುತ್ತಾರೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹಿಂಡಿ ಹೊಟ್ಟೆ ಬಿರಿಯುವಂತೆ ಉಂಡ ಮೇಲೆ ಗಂಡಸರು ಬನ್ನಿ ಗಿಡದ ನೆರಳಿನಲ್ಲಿ ಅಡ್ಡಾಗುತ್ತಾರೆ, ಮಕ್ಕಳು ಮೊಬೈಲಿಗೆ ನೆಟ್‌ವರ್ಕ್ ಹುಡುಕುತ್ತಾ ಬದುವಿನ ಮೇಲೆ ಓಡಾಡುತ್ತಾರೆ. ಪುಣೆಯ ಮಕ್ಕಳು, ಹೈದರಾಬಾದಿನ ಮಕ್ಕಳು, ಬೆಂಗಳೂರಿನ ಮಕ್ಕಳು, ಒಬ್ಬರ ಗುರುತು ಒಬ್ಬರಿಗಿಲ್ಲ. ಎರಡು ವರ್ಷದ ಹಿಂದೆ ನಾನು ಚೀಟಿ ಬರೆದುಕೊಂಡು ಹೋಗಿದ್ದೆ. ರಾಜರೂ ಇಲ್ಲ, ನಟರೂ ಇಲ್ಲ, ಎಲ್ಲ ನಮ್ಮ ಮನೆತನದವರೇ. ಇದ್ದವರು, ತೀರಿಕೊಂಡವರು. ಒಬ್ಬೊಬ್ಬರ ಬೆನ್ನಿಗೆ ಒಂದೊಂದು.

ಮೊಮ್ಮಗಳಿಗೆ ಹತ್ತು ವರ್ಷ. ಅವಳ ಬೆನ್ನಿನ ಚೀಟಿ ನೋಡಿ ಹಿರಿಯರೆಲ್ಲ ಮುಗುಳ್ನಕ್ಕರು.

'ನಾನು ಈಗ ಬದುಕಿದ್ದೇನೆಯೇ?' ಇಲ್ಲ.

'ಹೆಂಗಸೇ?' ಹೌದು.

'ಶಾಲೆಗೆ ಹೋಗಿದ್ದೆನೇ?' ಇಲ್ಲ, ಎಂದು ನನ್ನ ಅಕ್ಕ.

'ಯಾರನ್ನಾದರೂ ಹೊಡೆದಿದ್ದೇನೆಯೇ?' ಈ ಪ್ರಶ್ನೆ ಎಲ್ಲಿಂದ ಬಂತೋ! ಮಲಗಿದ್ದ ನನ್ನ ತಮ್ಮ ಎದ್ದು ಕುಳಿತ. 'ಹೌದು, ನನ್ನನ್ನು! ಹಾಲಿನ ಕೆನೆ ಕದ್ದದ್ದಕ್ಕೆ. ಬಡಿಗೆಯಿಂದ.' ಅಲ್ಲಿಂದ ಅರ್ಧ ಗಂಟೆ ಆಟ ನಿಂತೇ ಹೋಯಿತು. ಬರಗಾಲದಲ್ಲಿ ಆಕೆ ಕಾಳು ಅಳೆದು ಕೊಡುತ್ತಿದ್ದ ರೀತಿ, ರಜಾಕಾರರ ಗಲಾಟೆಯಲ್ಲಿ ಎರಡು ಎಮ್ಮೆ ಹೊಡೆದುಕೊಂಡು ಒಬ್ಬಳೇ ತವರಿಗೆ ಹೋದದ್ದು, ಒಬ್ಬೊಬ್ಬರು ಒಂದೊಂದು ಎಳೆ ತೆಗೆದರು. ಮಗು ಸುಮ್ಮನೆ ಕೇಳುತ್ತಿತ್ತು. ಆಮೇಲೆ 'ಗೊತ್ತಾಯಿತು, ನಾನು ಆಯಿ, ಮುತ್ಯಾನ ಆಯಿ' ಎಂದು ಚೀಟಿ ಕಿತ್ತು ನೋಡಿದಳು. ಸರಿಯಾಗಿತ್ತು. ನಾನು 'ಆಯಿ' ಎಂದೇ ಬರೆದಿದ್ದೆ.

'ಆಯಿ ಎನ್ನುವುದು ಹೆಸರಲ್ಲವಲ್ಲ ಮುತ್ಯಾ. ಹೆಸರು ಏನು?'

ನಾನು ಅಕ್ಕನ ಮುಖ ನೋಡಿದೆ. ಅಕ್ಕ ತಮ್ಮನ ಮುಖ ನೋಡಿದಳು. ಆಯಿಯ ಕೈಯಲ್ಲಿ ಉಂಡು ಬೆಳೆದವರು ನಾವು ನಾಲ್ಕು ಜನ ಅಲ್ಲಿದ್ದೆವು. ನಮ್ಮ ಮುತ್ಯಾ ಆಕೆಯನ್ನು 'ಇವಳೇ' ಎನ್ನುತ್ತಿದ್ದರು, ಅಪ್ಪ 'ಅವ್ವ', ಊರಿನವರು 'ಗೌಡಸಾನಿ', ನಾವು 'ಆಯಿ'. ಕನಗನಹಳ್ಳಿಯ ಆ ರಾಣಿ ಅಂದು ನಮ್ಮ ಹೊಲದಲ್ಲೇ ಬಂದು ನಿಂತಂತಾಯಿತು.

ಊರಿನ ಮನೆಗೆ ಬಂದ ಮೇಲೆ ತಗಡಿನ ಟ್ರಂಕ್ ತೆಗೆಸಿದೆ. ಹಳೆಯ ರಸೀದಿ, ಸೊಸೈಟಿ ಪುಸ್ತಕ, ಉರ್ದುವಿನಲ್ಲಿ ಬರೆದ ನಿಜಾಮರ ಕಾಲದ ಕಾಗದಗಳು, ಇಲಿ ಕಡಿದವು, ಕಡಿಯದವು. ರಾತ್ರಿ ಹತ್ತರ ಮೇಲೆ ಒಂದು ಹಳೆಯ ಪಹಣಿ ಸಿಕ್ಕಿತು. ಮುತ್ಯಾ ತೀರಿದ ಮೇಲೆ ಕೆರೆಯ ಕಡೆಯ ನಾಲ್ಕು ಎಕರೆ ಕೆಲವು ವರ್ಷ ಆಯಿಯ ಹೆಸರಿನಲ್ಲಿತ್ತಂತೆ, ನಮಗೆ ಅದೂ ಗೊತ್ತಿರಲಿಲ್ಲ. 'ಗುರುಲಿಂಗವ್ವ ಗಂಡ ಮಲ್ಲಪ್ಪ' ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು.

ಮೊಮ್ಮಗಳು ಎದ್ದೇ ಇದ್ದಳು. ಫ್ರಾಕಿನ ಜೇಬಿನಿಂದ ಚೀಟಿ ತೆಗೆದು ನೆಲದ ಮೇಲೆ ಇಟ್ಟುಕೊಂಡಳು. 'ಆಯಿ' ಎಂಬುದನ್ನು ಹೊಡೆದು ಹಾಕಲಿಲ್ಲ, ಅದರ ಕೆಳಗೆ ಬರೆಯತೊಡಗಿದಳು. 'ಲಿಂಗವ್ವಕ್ಕೆ ವ ಒತ್ತು ಬರುತ್ತದಲ್ಲ?' ಎಂದು ಕೇಳಿದಳು. ಬರುತ್ತದೆ ಎಂದೆ. 'ಗಂಡ ಮಲ್ಲಪ್ಪ ಎಂದೂ ಬರೆಯಬೇಕೇ?' ಎಂದಳು. ಚೀಟಿಯಲ್ಲಿ ಅಷ್ಟು ಜಾಗ ಇರಲಿಲ್ಲ.